ಹೆಪ್ಪು ಕೇಳಲು ಬರುತ್ತಿದ್ದವರು

ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯಾಕೆ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

ಅಪ್ಪ ಅಪಘಾತದಲ್ಲಿ ಹೋದ ಮೇಲೆ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ನಾನೂ ತಂಗಿಯೂ ನೆಂಟರು ಬಡಿಸಿದ್ದನ್ನು ತಿಂದೆವು. ನೆಂಟರು ಹೊರಟ ದಿನ ಸಂಜೆ ಪಕ್ಕದ ಮನೆಯಾಕೆ ಖಾಲಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತರು.

"ಒಂಚೂರು ಹೆಪ್ಪು ಕೊಡಮ್ಮ."

"ಮೊಸರೇ ಇಲ್ಲಕ್ಕ," ಅಂದಳು ಅಮ್ಮ, ತಿರುಗದೆ.

"ಸರಿ ಬಿಡು, ನಾಳೆ ಬರ್ತೀನಿ."

ಮರುದಿನವೂ ಬಂದರು, ಅದರ ಮರುದಿನವೂ. ಅದೇ ಬಟ್ಟಲು, ಅದೇ ಮಾತು. ಕೊನೆಗೆ ಅಮ್ಮ ರೇಗಿದಳು.

"ಊರಲ್ಲಿ ಇನ್ಯಾರ ಮನೇಲೂ ಮೊಸರಿಲ್ವೇನಕ್ಕ?"

"ನಿನ್ ಮೊಸರು ಗಟ್ಟಿಯಾಗಿರ್ತದೆ ಕಣಮ್ಮ. ನಂದು ಬರೀ ನೀರು. ನಮ್ ಮನೆಯೋರು ಮುಖ ಸಿಂಡರಿಸ್ತಾರೆ."

ಅಮ್ಮ ಗೊಣಗುತ್ತಲೇ ಎದ್ದಳು. ನನ್ನನ್ನು ಹಾಲಿಗೆ ಕಳಿಸಿ, ಒಲೆ ಹಚ್ಚಿದಳು. ಹೆಪ್ಪಿಲ್ಲದ್ದಕ್ಕೆ ಕಾಯಿಸಿದ ಹಾಲಿಗೆ ತೊಟ್ಟಿರುವ ಒಣಮೆಣಸಿನಕಾಯಿ ಹಾಕಿಟ್ಟಳು. ಒಲೆ ಹೇಗೂ ಉರಿಯುತ್ತಿತ್ತು; ಆ ರಾತ್ರಿ ನಮಗೆ ಬಿಸಿ ಅನ್ನ ಸಿಕ್ಕಿತು.

ಮರುದಿನ ಹೆಪ್ಪು ಕೊಡಲು ಹೋದೆ. ಅವರ ಅಡುಗೆಮನೆಯ ಗಡಿಗೆಯಲ್ಲಿ, ಸೌಟು ನೆಟ್ಟರೆ ನಿಲ್ಲುವಷ್ಟು ಗಟ್ಟಿ ಮೊಸರಿತ್ತು. ನಾನು ನೋಡಿದ್ದು ಕಂಡು ಅವರು ಮೆಲ್ಲಗೆ ತಟ್ಟೆ ಮುಚ್ಚಿದರು.

"ಅಮ್ಮಂಗೆ ಹೇಳ್ಬೇಡ ಕಣೇ. ನಾಳೆನೂ ಬರ್ತೀನಿ ಅನ್ನು."