ಹೆಸರು ಮುಚ್ಚಿದ ಬ್ಯಾಲೆನ್ಸ್ ಶೀಟು

ಕಳೆದ ಭಾನುವಾರ ದುರ್ಗಿಗುಡಿಯಲ್ಲಿ ನಮ್ಮ ಸಂಘದ ವಾರ್ಷಿಕ ಸಭೆ. ಎದೆಗೆ ಅಂಟಿಸಿಕೊಳ್ಳುವ ಚೀಟಿಗಳ ಮೇಲೆ ಹೆಸರು ಬರೆಯಲು ಹೊಸ ಸದಸ್ಯೆಯೊಬ್ಬರು ಕಪ್ಪು ಮಾರ್ಕರಿನ ಮುಚ್ಚಳ ತೆಗೆದರು. ಸ್ವಲ್ಪ ಸ್ಪಿರಿಟ್ಟು, ಸ್ವಲ್ಪ ಪೇಂಟು ಅನ್ನಿಸುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೂತಲ್ಲೇ ಭದ್ರಾವತಿಯ ಬಸ್ಸು ಹತ್ತಿಬಿಟ್ಟೆ. ಈ ವಯಸ್ಸಿನಲ್ಲಿ ಅಂಥ ಬಸ್ಸುಗಳಿಗೆ ಟಿಕೆಟ್ಟಿಲ್ಲ, ನಿಲ್ದಾಣವೂ ಇಲ್ಲ.

ಸಂಘದ ಹೆಸರು ದೊಡ್ಡದು: ವಾಣಿಜ್ಯ ಪತ್ರಕರ್ತರ ಸಂಘ. ಶುರುವಾದಾಗ ಇದ್ದವರು ಹನ್ನೊಂದು ಜನ, ವಾಣಿಜ್ಯ ಓದಿದವರು ಒಬ್ಬರೂ ಇಲ್ಲ. ಅಧ್ಯಕ್ಷರು ಸಂಸ್ಕೃತ ಎಂ.ಎ. ನಾನು ಕವಿಯಾಗಲು ಹೊರಟು, ಯಾವ ಸಂಪಾದಕನೂ ಒಪ್ಪದೆ, ಅಡಿಕೆ ಧಾರಣೆ ಬರೆಯುತ್ತಿದ್ದವನು. ರಾಶಿ, ಬೆಟ್ಟೆ, ಗೊರಬಲು, ಯಾವ ಬಗೆಯ ಅಡಿಕೆ ಕೇಳಿದರೂ ದರ ಬಾಯಲ್ಲೇ ಇರುತ್ತಿತ್ತು. ಆದರೆ ಒಂದು ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ, ಮೊದಲ ಪುಟದ ಮಾಲೀಕರ ಫೋಟೋ ನೋಡಿ, ಅವರು ಲಾಭ ಎಂದದ್ದನ್ನು ಲಾಭ ಎಂದೇ ಬರೆದು ಕಳಿಸಿ ಕಾಫಿಗೆ ಹೋಗುತ್ತಿದ್ದೆವು.

ನಮ್ಮನ್ನು ಇದರಿಂದ ಬಿಡಿಸಲು ನೋಡಿದವರು ಗೋವಿಂದರಾಜು. ಭದ್ರಾವತಿಯ ಒಂದು ಎರಕದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದವರು. ಮನೆಮಾತು ತಮಿಳು, ಅಂಕಿಗಳನ್ನು ಎಣಿಸುತ್ತಿದ್ದದ್ದೂ ತಮಿಳಿನಲ್ಲೇ, ನಮ್ಮನ್ನು ಬೈಯುತ್ತಿದ್ದದ್ದು ಮಾತ್ರ ಕನ್ನಡದಲ್ಲಿ. ತಿಂಗಳಿಗೊಂದು ಭಾನುವಾರ ಕಾಗದನಗರದ ಪಕ್ಕದ ಓಣಿಯಲ್ಲಿದ್ದ ಅವರ ಮನೆಗೆ ಸಂಘ ಇಡಿಯಾಗಿ ಪಾಠಕ್ಕೆ ಹೋಗುತ್ತಿತ್ತು. ಯಾವುದೋ ಕಂಪನಿಯ ಬ್ಯಾಲೆನ್ಸ್ ಶೀಟನ್ನು ಜೆರಾಕ್ಸ್ ಮಾಡಿಸಿ, ಹೆಸರು, ಊರು, ತಯಾರಿಸುವ ವಸ್ತು, ಎಲ್ಲದರ ಮೇಲೂ ಕಪ್ಪು ಮಾರ್ಕರ್ ಎಳೆದು ಹಂಚುತ್ತಿದ್ದರು. ಹೆಸರು ಕಂಡರೆ ನೀವು ನಮಸ್ಕಾರ ಹೊಡೆಯುತ್ತೀರಿ, ಅಂಕಿ ಮಾತ್ರ ನೋಡಿ ಎನ್ನುತ್ತಿದ್ದರು. ಆ ಕಂಪನಿಯೆಂಬ ರೋಗಿಗೆ ಆರೋಗ್ಯವೋ ಅನಾರೋಗ್ಯವೋ ನಾವು ಹೇಳಬೇಕು. ಕೊನೆಗೆ ಅವರು ಹೆಸರು ಬಿಡಿಸಿ ಹೇಳುತ್ತಿದ್ದರು. ನಮಗೆ ಅದು ಒಂದು ಆಟವಾಗಿಬಿಟ್ಟಿತು.

ಇಲ್ಲಿಂದ ಮುಂದೆ ನೀವು ನನ್ನನ್ನು ಪೂರ್ತಿ ನಂಬಬೇಡಿ. ಈ ಪ್ರಸಂಗವನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಯಾವುದು ನಡೆದದ್ದು, ಯಾವುದು ನಗಿಸಲು ಸೇರಿಸಿದ್ದು ಎಂದು ನನಗೇ ತಿಳಿಯದು. ಅವರ ಅಂಗಳದಲ್ಲಿ ಹಪ್ಪಳ ಒಣಹಾಕಿದ್ದರು ಎಂದು ಹೇಳುತ್ತೇನೆ. ಜೋರು ಮಳೆಯಿತ್ತು ಎಂದೂ ಹೇಳಿದ್ದೇನೆ. ಎರಡರಲ್ಲಿ ಒಂದು ಸುಳ್ಳು, ಎರಡೂ ಸುಳ್ಳಿರಬಹುದು.

ಒಂದು ಭಾನುವಾರ ಅವರು ಕೊಟ್ಟ ಹಾಳೆಯಲ್ಲಿ ರೋಗ ಅಡಗಿ ಕೂತಿರಲಿಲ್ಲ. ಮಾರಾಟ ವರ್ಷ ವರ್ಷ ಇಳಿಯುತ್ತಿತ್ತು, ಗೋದಾಮಿನ ಸರಕು ಏರುತ್ತಿತ್ತು, ಬಡ್ಡಿ ಕಟ್ಟಲು ಹೊಸ ಸಾಲ ಎತ್ತಿದ್ದರು. ಎಲ್ಲರೂ ಒಂದೇ ಉಸಿರಿಗೆ ಕಂಡುಹಿಡಿದೆವು. ವಿದ್ಯೆ ಹತ್ತಿದ ಸಂತೋಷ ನನ್ನ ತಲೆಗೇರಿತು. ಹಾಳೆಯ ಹಿಂಬದಿಯಲ್ಲೇ ಒಂದು ನಿಧನವಾರ್ತೆ ಗೀಚಿ ಎದ್ದು ನಿಂತು ಓದಿದೆ: 'ದೀರ್ಘಕಾಲದ ಅನಾರೋಗ್ಯದಿಂದ ಬಳಲುತ್ತಿರುವ ಕಂಪನಿಯವರು ಇನ್ನೆರಡು ವರ್ಷದೊಳಗೆ ಸ್ವಗೃಹದಲ್ಲಿ ನಿಧನರಾಗಲಿದ್ದಾರೆ. ಮೃತರು ಗೋದಾಮಿನ ತುಂಬ ಸರಕು ಹಾಗೂ ಅಪಾರ ಬಡ್ಡಿ ಬಳಗವನ್ನು ಅಗಲಿದ್ದಾರೆ.' ಅಧ್ಯಕ್ಷರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಗೋವಿಂದರಾಜು ಕೂಡ ನಕ್ಕರು ಎಂದು ನಾನು ಹೇಳುತ್ತ ಬಂದಿದ್ದೇನೆ. ಇನ್ನೊಂದು ಸಲ ನೋಡುತ್ತೀರಾ ಎಂದು ಅವರು ಕೇಳಿದ್ದಂತೂ ನಿಜ. ನೋಡುವುದೇನಿದೆ, ವೈಕುಂಠದ ಊಟಕ್ಕೆ ಲಾಡೋ ಹೋಳಿಗೆಯೋ ಅದನ್ನು ಹೇಳಿ ಎಂದೆ. ಆ ದಿನ ಅವರು ಕಂಪನಿಯ ಹೆಸರು ಹೇಳಲಿಲ್ಲ. ನಮಗೆ ಬಸ್ಸಿನ ಹೊತ್ತಾಗಿತ್ತು.

ಮುಂದೆ ಪಾಠ ನಿಂತಿತು. ಮೈ ಸರಿಯಿಲ್ಲವೆಂದರು, ನಾವು ಒಪ್ಪಿದೆವು. ಎರಡು ವರ್ಷ ತುಂಬುವ ಮೊದಲೇ ಅವರು ದುಡಿದಿದ್ದ ಆ ಎರಕದ ಕಾರ್ಖಾನೆ ಮುಚ್ಚಿತು. ಬೆಳಗಿನ ಪಾಳಿಗೆ ಬಂದವರು ಗೇಟಿಗೆ ಅಂಟಿಸಿದ ಚೀಟಿ ಓದಿ ವಿಷಯ ತಿಳಿದುಕೊಂಡರು. 'ಅನಿರೀಕ್ಷಿತ ಬೀಗ, ಕಾರ್ಮಿಕರಿಗೆ ಆಘಾತ' ಎಂದು ನಾನು ವರದಿ ಕಳಿಸಿದೆ. ಆ ಹಾಳೆಯನ್ನೂ ಈ ಬೀಗವನ್ನೂ ಜೋಡಿಸಿ ನೋಡುವುದು ನನಗಾಗಲಿ, ಉಳಿದ ಹತ್ತು ಜನಕ್ಕಾಗಲಿ ಹೊಳೆಯಲಿಲ್ಲ. ನಿಧನವಾರ್ತೆ ಮಾತ್ರ ಬದುಕಿತು. ಪ್ರತಿ ವಾರ್ಷಿಕ ಸಭೆಯಲ್ಲಿ ಊಟಕ್ಕೆ ಮೊದಲು ಅದನ್ನು ನನ್ನಿಂದ ಹೇಳಿಸುವುದು ಸಂಘದ ಪದ್ಧತಿಯೇ ಆಯಿತು.

ಕಳೆದ ಭಾನುವಾರವೂ ಅಧ್ಯಕ್ಷರು, "ಹೊಸಬ್ರು ಕೇಳಿಲ್ಲ, ಹೇಳು ಮಾರಾಯ" ಎಂದರು. ಹಪ್ಪಳದ ಆವೃತ್ತಿಯನ್ನು ಹೇಳಿದೆ. ಎಲ್ಲರೂ ನಕ್ಕರು. ಚೀಟಿ ಬರೆಯುತ್ತಿದ್ದ ಸದಸ್ಯೆ ಮಾತ್ರ ಮಾರ್ಕರನ್ನು ಗಾಳಿಯಲ್ಲೇ ಹಿಡಿದು ಕೂತಿದ್ದರು. ಊಟದ ಸಾಲಿನಲ್ಲಿ ನನ್ನ ಪಕ್ಕ ಬಂದು ಕೂತರು. ಎದೆಯ ಮೇಲಿನ ಚೀಟಿಯಲ್ಲಿ ಕಲಾವತಿ ಎಂದಿತ್ತು. ಒಂದು ಸಂಜೆ ಪತ್ರಿಕೆಗೆ ಬರೆಯುತ್ತಾರೆಂದಷ್ಟೇ ನನಗೆ ಗೊತ್ತಿತ್ತು.

"ಸರ್, ಆ ಹಾಳೆ ಕೊಟ್ಟಿದ್ದು ನಮ್ಮಪ್ಪ. ಅದು ನಮ್ಮ ಫ್ಯಾಕ್ಟರೀದು. ಆಗ ನಾನು ಅಲ್ಲೇ ಕೆಲಸದಲ್ಲಿದ್ದೆ."

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಮಾತು ನಿಲ್ಲಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. ಅಪ್ಪ ಬಿಟ್ಟ ಕುರ್ಚಿಯಲ್ಲೇ ಅವರು ಲೆಕ್ಕ ಬರೆಯುತ್ತಿದ್ದರಂತೆ. ವಿನೋಬನಗರದ ಒಂದು ಕ್ಲಿನಿಕ್ಕಿನಿಂದ ಲೆಕ್ಕದ ಕೆಲಸಕ್ಕೆ ಕರೆ ಬಂತು. ಹೋಗಲೋ ಬೇಡವೋ ಎಂದು ಅಪ್ಪನನ್ನು ಕೇಳಿದರು. ಗೋವಿಂದರಾಜುಗೆ ಆ ವರ್ಷದ ಅಂಕಿಗಳನ್ನು ಕಂಡು ಭಯವಾಗಿತ್ತು, ಆದರೆ ಅನ್ನ ತಿಂದ ಜಾಗದ ವಿಷಯದಲ್ಲಿ ತಮ್ಮ ಭಯವನ್ನೂ ಅವರು ನಂಬಲಾರರು. ಯಾವ ಮೋಹವೂ ಇಲ್ಲದ ಹನ್ನೊಂದು ಜೊತೆ ಕಣ್ಣು ಏನು ಹೇಳುತ್ತವೋ ಹಾಗೆ ಮಾಡೋಣ ಎಂದು ಮಗಳಿಗೆ ಹೇಳಿ, ಹೆಸರು ಮುಚ್ಚಿ, ನಮ್ಮ ಮುಂದಿಟ್ಟಿದ್ದರು.

"ನೀವೆಲ್ಲ ಹೋದ್ಮೇಲೆ ಅಪ್ಪ ಒಳಗೆ ಬಂದು ಹೇಳಿದ್ರು. ಅಷ್ಟೂ ಜನ ನಗ್ತಾ ಇದ್ರಮ್ಮ, ನಿಜವಾಗ್ಲೂ ಮುಳುಗೋ ಹಾಗಿದ್ರೆ ತಿಳಿದೋರು ಹಂಗೆ ನಗ್ತಾರಾ, ನೀನು ಅಲ್ಲೇ ಇರು ಅಂತ."

ಯಾರೋ ನನ್ನ ಎಲೆಗೆ ಪಲ್ಯ ಬಡಿಸಿದರು. ಎಲೆ ನನ್ನದೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾವು ತಪ್ಪು ಓದಿದ್ದರೆ ಒಂದು ಕ್ಷಮೆ ಕೇಳಿ ಮುಗಿಸಬಹುದಿತ್ತು. ಸರಿಯಾಗಿ ಓದಿದ್ದೆವು, ವರ್ಷದ ಲೆಕ್ಕದವರೆಗೂ ಸರಿಯಾಗಿ. ಆ ಸತ್ಯವನ್ನು ಯಾರೂ ನಂಬದಂತೆ ಹೇಳಿದವನು ನಾನು. ಅದನ್ನೇ ಇಷ್ಟು ವರ್ಷ ಚಪ್ಪಾಳೆಗೆ ಹೇಳುತ್ತ ಬಂದಿದ್ದೆ, ಈಗ ಅವರ ಮಗಳ ಎದುರಿಗೂ ಹೇಳಿದ್ದೆ. ಕಲಾವತಿ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು.

ನಿನ್ನೆ ಭದ್ರಾವತಿಗೆ ಹೋದೆ, ನಿಜವಾದ ಬಸ್ಸಿನಲ್ಲಿ. ಅಂಗಳ ನಾನು ಹೇಳುತ್ತಿದ್ದದ್ದರ ಅರ್ಧವೂ ಇಲ್ಲ, ನಾಲ್ಕು ಹಪ್ಪಳಕ್ಕೂ ಜಾಗ ಸಾಲದು. ಗೋವಿಂದರಾಜುಗೆ ಕಣ್ಣು ಮಂಜಾಗಿದೆ, ದನಿಯಿಂದ ಗುರುತಿಸಿದರು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಬಾಗಿಲಲ್ಲೇ ಒಂದರ ಮೇಲೊಂದು ಸುರಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ತಲೆಯಾಡಿಸಿದರು.

"ಅವತ್ತು ನೀವು ಬಂದೇ ಇರ್ಲಿಲ್ಲ ಸಾರ್. ಅದು ಬೇರೆ ಯಾರೋ ಬರೆದಿದ್ದು."

ಮುದುಕರ ಮರೆವೋ, ದೊಡ್ಡ ಮನಸ್ಸೋ, ಆ ಮುಖದಲ್ಲಿ ಓದಲಾಗಲಿಲ್ಲ. ಅವರು ನನಗೆಂದು ಒಂದು ಬಾಗಿಲು ತೆರೆದು ಹಿಡಿದಿದ್ದರು. ನನ್ನ ನೆನಪನ್ನು ನಂಬಬೇಡಿ ಎಂದು ಮೊದಲೇ ಹೇಳಿಕೊಂಡವನು ನಾನು. ಹಪ್ಪಳವೂ ಸುಳ್ಳು, ಮಳೆಯೂ ಸುಳ್ಳು ಎಂದ ಮೇಲೆ ನಾನಿದ್ದದ್ದು ಮಾತ್ರ ಯಾಕೆ ನಿಜವಾಗಬೇಕು? ದಾಟಿಬಿಡಲು ಒಂದು ಹೆಜ್ಜೆ ಸಾಕಿತ್ತು.

"ಬಂದಿದ್ದೆ ಸಾರ್," ಎಂದೆ. "ಬರೆದಿದ್ದು ನಾನೇ."

ಅವರು ಪಕ್ಕದ ಕುರ್ಚಿಯನ್ನು ತಡವಿ, ನನ್ನ ದನಿ ಬಂದ ಕಡೆಗೆ ಸರಿಸಿದರು.

"ಹಾಗಾದ್ರೆ ಕೂತ್ಕೊಳ್ಳಿ," ಎಂದರು.