ಮುರಿದ ಪ್ಲೇಟಿನ ಎರಡು ಸಾಲು

ನಮ್ಮತ್ತೆಯ ಬಲಗಾಲಿನ ಹೆಬ್ಬೆರಳು ಸದಾ ಮೇಲಕ್ಕೆ ಸೆಟೆದಿರುತ್ತಿತ್ತು. ಮಗ್ಗದ ಕುಣಿಯಲ್ಲಿ ಕಾಲುಮಣೆ ತುಳಿದು ತುಳಿದು ಹಾಗಾಗಿದ್ದು. ಉಣ್ಣುವಾಗ, ಜಗಲಿಯಲ್ಲಿ ಕೂತು ಎಲೆಯಡಿಕೆ ಮೆಲ್ಲುವಾಗ, ನನ್ನನ್ನು ಬೈಯುವಾಗಲೂ ಆ ಬೆರಳು ತನ್ನ ಪಾಡಿಗೆ ತಾನು ತಾಳ ಹಾಕುತ್ತಿತ್ತು. ಬೆರಳು ನಿಂತಿತೆಂದರೆ ನಿಜವಾದ ಸಿಟ್ಟು ಬಂದಿದೆ ಎಂದು ತಿಳಿದು ನಾನು ಮೆಲ್ಲಗೆ ಒಳಗೆ ಸರಿದುಬಿಡುತ್ತಿದ್ದೆ.

ಧರ್ಮಪುರಿಯಿಂದ ಸೇಲಂನ ಕನ್ನಡ ನೇಕಾರರ ಬೀದಿಗೆ ಸೊಸೆಯಾಗಿ ಬಂದವಳು ನಾನು. ಅತ್ತೆಯನ್ನು ಹೊಗಳುವುದು ಸೊಸೆಯರ ಜಾಯಮಾನವಲ್ಲ, ನನ್ನದಂತೂ ಅಲ್ಲವೇ ಅಲ್ಲ. ನಮ್ಮತ್ತೆಯ ಮಾತು ಒರಟು, ಹಟ ಅದಕ್ಕಿಂತ ಒರಟು. ಮಾವ ತೀರಿಕೊಂಡ ಮೇಲೆ ಯಾರನ್ನೂ ಕೇಳದೆ ಅವರ ಮಗ್ಗಕ್ಕೆ ತಾವೇ ಇಳಿದರಂತೆ. ನೇಯುವಾಗ ಎಳೆ ಹರಿದರೆ ನಿಲ್ಲಿಸಿ ಗಂಟು ಹಾಕದೆ ಮುಂದೆ ಹೋಗುವವರನ್ನು ಕಂಡರೆ ಅವರಿಗೆ ಆಗುತ್ತಲೇ ಇರಲಿಲ್ಲ. "ಎಳೆ ಅರಿದದ್ದು ಕಂಡೂ ಕಾಣ್ದಂಗೆ ಲಾಳಿ ಎಸೀತೀಯಲ್ಲೇ, ಕಣ್ಣು ಎಲ್ಲಿಕ್ಕಿದ್ದೆ?" ಎಂದು ನನಗೆ ದಿನವೂ ಅರ್ಚನೆ ನಡೆಯುತ್ತಿತ್ತು.

ಆಗ ನಮ್ಮ ಬೀದಿಯಲ್ಲಿ ಗ್ರಾಮಫೋನ್ ಇದ್ದದ್ದು ನೂಲಿನ ಸಾಹುಕಾರನ ಅಂಗಡಿಯಲ್ಲಿ ಮಾತ್ರ. ನೇಯ್ದದ್ದನ್ನು ಒಪ್ಪಿಸಿ ನೂಲಿಗಾಗಿ ಕಾಯುವಾಗ ಪ್ಲೇಟು ಕೇಳುತ್ತಾ ಕೂರುತ್ತಿದ್ದೆವು. ಅದರಲ್ಲೊಂದು ತೆಲುಗು ಕೀರ್ತನೆ, ಯಾರೋ ಹೆಂಗಸು ಹಾಡಿದ್ದು. ಆ ವರ್ಷ ಕಾಫಿ ಕ್ಲಬ್ಬಿನಲ್ಲಿ, ಮದುವೆಯ ನಾಗಸ್ವರದಲ್ಲಿ, ಎಲ್ಲಿ ಹೋದರೂ ಅದೇ. ಸಾಹುಕಾರನ ಪ್ಲೇಟು ಎಂದೋ ಕೈಜಾರಿ ಬಿದ್ದು ಅಂಚಿನಲ್ಲೊಂದು ಚೂರು ಹಾರಿಹೋಗಿತ್ತು. ಮುರಿದ ಜಾಗ ದಾಟಿಸಿ ಅವನು ಮುಳ್ಳು ಇಡುತ್ತಿದ್ದ. ಅಲ್ಲಿಂದಲೇ ಹಾಡು ಶುರುವಾಗುತ್ತದೆ ಎಂದುಕೊಂಡಿದ್ದೆವು ನಾವು.

ಅತ್ತೆ ಅದನ್ನು ಕೇಳಿ ಕೇಳಿ ಬಾಯಿಗೆ ತಂದುಕೊಂಡು, ಮಗ್ಗದಲ್ಲಿ ಹಾಡಿ ಹಾಡಿ ಇಡೀ ಬೀದಿಗೆ ಹಚ್ಚಿಬಿಟ್ಟರು. ಶನಿವಾರದ ಭಜನೆಯಲ್ಲಿ ಗಂಡಸರೂ ಅದನ್ನೇ ಹಾಡತೊಡಗಿದರು. ಭಜನೆಮನೆಯೊಳಗೆ ಹಾಡುವುದು ಗಂಡಸರು, ಹೊರಗೆ ಜಗಲಿಯಲ್ಲಿ ಕೂತು ಕೇಳುವುದು ಹೆಂಗಸರು. ತಾವು ಕಲಿಸಿದ ಹಾಡು ಒಳಗಿನಿಂದ ಬರುವಾಗ ಅತ್ತೆಯ ಮುಖ ನೋಡಬೇಕಿತ್ತು.

ಹೀಗಿರುವಾಗ ಮೈಸೂರು ಕಡೆಯ ಭಾಗವತರೊಬ್ಬರು ಹರಿಕಥೆಗೆಂದು ಊರಿಗೆ ಬಂದವರು ನಮ್ಮ ಭಜನೆಗೂ ಬಂದು ಕೂತರು. ಕೀರ್ತನೆ ಮುಗಿಯುತ್ತಲೇ ನಕ್ಕರು. "ಚರಣದ ಮೊದಲೆರಡು ಸಾಲು ಯಾರ ಮನೆಯಲ್ಲಿ ಬಿಟ್ಟು ಬಂದಿರಪ್ಪಾ?"

ಆಗ ಗೊತ್ತಾಯಿತು. ಅಂಚಿನ ಚೂರು ಹಾರಿದಾಗ ಪ್ಲೇಟಿನ ಎರಡೂ ಮಗ್ಗುಲಿನ ಆರಂಭ ಹೋಗಿತ್ತು. ಮೊದಲ ಮಗ್ಗುಲಿನಲ್ಲಿ ಹೋದದ್ದು ಪಲ್ಲವಿ, ಅದು ಮತ್ತೆ ಮತ್ತೆ ಬರುವುದರಿಂದ ನಮಗೆ ದಕ್ಕಿತ್ತು. ಎರಡನೆಯ ಮಗ್ಗುಲಿನಲ್ಲಿ ಹೋದದ್ದು ಚರಣದ ಆರಂಭ, ಅದು ಒಂದೇ ಸಲ ಬರುವುದು. ನಮ್ಮ ತೆಲುಗೂ ಅಷ್ಟಕ್ಕಷ್ಟೆ. ಬೀದಿಗೆ ಬೀದಿಯೇ ಅರ್ಧ ಮಾತಿನಿಂದ ಚರಣ ಎತ್ತಿ ಭಕ್ತಿಯಿಂದ ಹಾಡುತ್ತಿತ್ತು.

ಅತ್ತೆ ಬಾಗಿಲಿಗೆ ಬಂದು ನಿಂತರು. "ಸಾಮಿ, ಆ ಎಲ್ಡು ಸಾಲು ಏಳ್ಕೊಟ್ಟು ಓಗಿ."

"ಗುರುಮುಖದಿಂದ ಬರಬೇಕಮ್ಮ, ಪೆಟ್ಟಿಗೆಯಿಂದ ಬರುವಂಥದ್ದಲ್ಲ ಇದು," ಎಂದು ಭಾಗವತರು ಶಲ್ಯ ಕೊಡವಿ ಎದ್ದರು.

ಭಜನೆಯ ಯಜಮಾನರಿಗೆ ತಲೆ ಎತ್ತಲಾಗಲಿಲ್ಲ. "ದೇವ್ರ ಮುಂದೆ ಇಷ್ಟು ದಿನ ಊನದ ಪಾಟು ಆಡ್ಬುಟ್ವಲ್ಲ. ಇನ್ ಬ್ಯಾಡ, ಬುಟ್ಬುಡಾನ." ನಮ್ಮ ಕಡೆ ಹಾಡಿಗೆ ಪಾಟು ಎನ್ನುವುದು.

ನಾನು ಅತ್ತೆಯ ಕಾಲು ನೋಡಿದೆ. ಬೆರಳು ನಿಂತಿತ್ತು. "ರಾಮನವಮಿ ಗಂಟ ತಡೀರಿ ಯಜಮಾನ್ರೇ. ಬೀದಿಗೆ ತಂದವಳು ನಾನು, ಗಂಟೂ ನಾನೇ ಆಕ್ತೀನಿ."

"ಸರಿ. ಅಷ್ಟ್ರೊಳಗೆ ಇಡಿಯಾಗಿ ತಂದ್ರೆ ಆಡಾನ. ಇಲ್ದಿದ್ರೆ ಈ ಪಾಟು ಇಲ್ಲಿ ಬ್ಯಾಡ."

ಅತ್ತೆ ಮೊದಲು ಕಾಫಿ ಕ್ಲಬ್ಬಿಗೆ ಹೋದರು. ಹೆಂಗಸರು ಒಳಗೆ ಕೂರುವಂತಿರಲಿಲ್ಲ. ಬೀದಿಯಲ್ಲಿ ಬಿಸಿಲಿಗೆ ನಿಂತು ಕೇಳಿದರು. ಅಲ್ಲಿ ಎಲ್ಲರಿಗೂ ಮೊದಲ ಮಗ್ಗುಲೇ ಬೇಕು, ಅದು ಮುಗಿದರೆ ಬೇರೆ ಪ್ಲೇಟು. "ತಿರುಗ್ಸಿ ಆಕಪ್ಪಾ" ಎಂದದ್ದಕ್ಕೆ "ಪೋಮ್ಮಾ, ಗಿರಾಕಿಗೆ ದಾರಿ ಬುಡು" ಎಂದನಂತೆ ಕ್ಲಬ್ಬಿನವನು. ಅಂದು ರಾತ್ರಿ ಉಣ್ಣುವಾಗಲೂ ಆ ಬೆರಳು ನಿಂತೇ ಇತ್ತು.

ನಮ್ಮಣ್ಣ ಧರ್ಮಪುರಿಯಿಂದ ಮೊರಪ್ಪೂರಿಗೆ ಬಂದು ರೈಲಿಗೆ ಬಟ್ಟೆಯ ಗಂಟು ಹಾಕುವವನು. ಅಲ್ಲಿನ ಸ್ಟೇಷನ್ ಮಾಸ್ಟರ ಮನೆಯಲ್ಲಿ ಅದೇ ಪ್ಲೇಟು ಇದೆ ಎಂದು ಅವನು ಹೇಳಿದ್ದೇ ತಡ, ಮರುದಿನ ನನ್ನನ್ನೂ ಎಳೆದುಕೊಂಡು ರೈಲು ಹತ್ತಿದರು. ಮಾಸ್ಟರು ನಮ್ಮನ್ನು ತಲೆಯಿಂದ ಕಾಲಿನವರೆಗೂ ನೋಡಿ, "ಡ್ಯೂಟಿ ಮುಡಿಯಟ್ಟುಂ, ಪಾಕ್ಕಲಾಂ" ಎಂದರು. ಮುಗಿಯಲಿ, ನೋಡೋಣ ಎಂದು. ಬೇವಿನ ಮರದ ಕೆಳಗೆ ಕೂತೆವು. ಸೇಲಂ ರೈಲು ಬಂತು. ಹೋಗಿಬಿಡೋಣ ಅತ್ತೆ, ನನಗೆ ನಾಚಿಕೆಯಾಗುತ್ತದೆ ಎಂದೆ.

"ನಾಚ್ಕೆ ಬಂದ್ರೆ ಸೆರಗು ಒದ್ಕೊಂಡು ಕೂತ್ಕೋ. ರೈಲು ನಾಳೆನೂ ಬತ್ತದೆ."

ಸಂಜೆ ಮಾಸ್ಟರು ಮನೆಗೆ ಕರೆದರು. ಅವರೂ ಮೊದಲ ಮಗ್ಗುಲನ್ನೇ ಹಾಕಿದರು. ಅತ್ತೆ ಸುಮ್ಮನೆ ಕೇಳಿ, "ತಿರುಗ್ಸಿ ಸಾಮಿ" ಎಂದರು. ಮುಳ್ಳು ಅಂಚಿಗೆ ಇಳಿಯಿತು. ಪಿಟೀಲಿನ ಒಂದೆಳೆ ದನಿ, ಆಮೇಲೆ ನಾವು ಎಂದೂ ಕೇಳದಿದ್ದ ಆ ಎರಡು ಸಾಲು. ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಎಷ್ಟು ಸಲ ಹಿಂದಕ್ಕೆ ಇಡಿಸಿದರೋ. ಕೊನೆಗೆ ಮಾಸ್ಟರೇ ಒಂದೊಂದು ಮಾತನ್ನೂ ಬಿಡಿಸಿ ಹೇಳಿಕೊಟ್ಟರು.

ಮರಳುವ ರೈಲಿನಲ್ಲಿ ನನಗೆ ಪಾಠ ಶುರುವಾಯಿತು. "ಆಡು."

"ನಂದು ಕತ್ತೆ ದನಿ ಅತ್ತೆ, ಬುಟ್ಬುಡಿ."

"ಕತ್ತೆನೂ ನಾಚ್ಕೊಳ್ದೆ ಒದರ್ತೈತೆ. ಆಡು. ನಾಳೆ ನಾ ಸತ್ರೆ ಮತ್ತೆ ಮೊರಪ್ಪೂರಿಗೆ ಓಗಾಕಾಯ್ತದಾ?"

ಸೇಲಂ ಬರುವವರೆಗೂ ಬಿಡಲಿಲ್ಲ. ಗಾಡಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಆವತ್ತು ಅವರ ಮೇಲೆ ನನಗೆ ಬಂದಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಅತ್ತೆ ಮೊದಲೇ ಹೇಳಿಟ್ಟಿದ್ದಂತೆ, ರಾಮನವಮಿಯ ಭಜನೆಯಲ್ಲಿ ಗಂಡಸರು ಚರಣಕ್ಕೆ ಬಂದು ನಿಲ್ಲಿಸಿದರು. ಜಗಲಿಯಲ್ಲಿ ಕೂತಲ್ಲಿಂದಲೇ ಅತ್ತೆ ಎರಡು ಸಾಲು ಹಾಡಿದರು. ಮುಂದಿನದನ್ನು ಒಳಗಿನವರು ಎತ್ತಿಕೊಂಡರು. ಯಜಮಾನರು ಪಾನಕದ ಮೊದಲ ಲೋಟವನ್ನು ಜಗಲಿಗೆ ಕಳಿಸಿದರು. ಆಮೇಲೆ ಆ ಸಾಲುಗಳು ಎಲ್ಲರಿಗೂ ಬಂದವು. ಆದರೂ ಪ್ರತಿ ಶನಿವಾರ ಅಲ್ಲಿ ಗಂಡಸರು ಬಾಯಿ ಮುಚ್ಚುವುದು, ಅತ್ತೆ ಹೊರಗಿನಿಂದ ಹಾಡುವುದು, ಅದೇ ರೂಢಿಯಾಗಿಹೋಯಿತು.

ಒಂದು ಮಾಗಿಯಲ್ಲಿ ಜ್ವರ ಬಂದು ಅತ್ತೆ ಹೋಗಿಬಿಟ್ಟರು. ಕರ್ಮಗಳೆಲ್ಲ ಮುಗಿದ ಮೇಲಿನ ಶನಿವಾರ ಹೋಗಿ ಜಗಲಿಯಲ್ಲಿ ಅವರ ಜಾಗದ ಪಕ್ಕ ಕೂತೆ. ಒಳಗೆ ಆ ಕೀರ್ತನೆ ಎತ್ತಿದರು. ಚರಣದ ಹತ್ತಿರ ಬರುತ್ತಲೇ, ಅಭ್ಯಾಸ ನೋಡಿ, ಎಲ್ಲರೂ ನಿಲ್ಲಿಸಿಬಿಟ್ಟರು. ಸಾಲು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ, ಶುರು ಮಾಡುವವರೂ ಒಬ್ಬರಿರಲಿಲ್ಲ. ತಾಳದವನ ಕೈ ಹಾಗೇ ಮೇಲೆ ನಿಂತಿತ್ತು.

ಆ ರೈಲಿನ ದಿನ ಬಿಟ್ಟರೆ ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ ನಾನು. ಬಿಟ್ಟೆ. ದನಿ ಒಡೆಯಿತು, ಸಾಲು ಮಾತ್ರ ತಪ್ಪಲಿಲ್ಲ. ಎರಡನ್ನೂ ಹಾಡಿ ಮುಗಿಸಿದೆ. ಒಳಗಿನವರು ಮುಂದಿನದನ್ನು ಎತ್ತಿಕೊಂಡರು.