ಇಪ್ಪತ್ನಾಲ್ಕನೆಯ ಜಿಯೋಫೋನ್

ದೆವ್ವ, ಭೂತ ಎನ್ನುವವರನ್ನು ಎದುರಿಗೇ ಗೇಲಿ ಮಾಡುತ್ತಿದ್ದವನು ನಾನು. ಈಗ ನಂಬಿಕೆ ಬಂದಿದೆ ಎಂದೇನೂ ಹೇಳಲಾರೆ. ಗೇಲಿ ಮಾಡುವುದನ್ನು ಬಿಟ್ಟಿದ್ದೇನೆ, ಅಷ್ಟೆ. ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಸಂಭಾಜಿನಗರದ ಆಚೆ, ಗೋದಾವರಿ ಬಯಲಿನಲ್ಲಿ ಖನಿಜ ಹುಡುಕುವ ತಂಡದಲ್ಲಿದ್ದೆ. ಅಲ್ಲಿ ಹೊಳೆ ತಂದು ಹಾಕಿದ ಮಣ್ಣು ಬಹಳ ಆಳ. ಕೆಳಗಿನ ಬಂಡೆ ಕಾಣುವುದಿಲ್ಲ. ನೆಲದ ಮೇಲೆ ಕಬ್ಬಿಣದ ಹಲಗೆ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಿದ್ದೆವು. ಬಂಡೆಗೆ ತಾಗಿ ಮರಳುವ ಕಂಪನವನ್ನು ಸಾಲಾಗಿ ಊರಿದ ಜಿಯೋಫೋನುಗಳು ಹಿಡಿಯುತ್ತವೆ. ಒಂದೊಂದಕ್ಕೂ ಒಂದೊಂದು ಗೆರೆ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ. ಹೊಡೆಯುವ ಮುಂಚೆ ‘ನಿಂದರ್ರಿ!’ ಎಂದು ಕೂಗಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಒಬ್ಬ ಕಾಲು ಎತ್ತಿಟ್ಟರೂ ಗೆರೆ ಕುಣಿಯುತ್ತದೆ.

ಜಿಯೋಫೋನ್ ಊರುತ್ತಿದ್ದವನು ಆಳಂದ ಕಡೆಯ ಶರಣಪ್ಪ. ಪ್ರತಿಯೊಂದನ್ನೂ ಊರಿ, ಪಕ್ಕದ ಮಣ್ಣನ್ನು ಹಿಮ್ಮಡಿಯಿಂದ ಮೂರು ಸಲ ತುಳಿಯುತ್ತಿದ್ದ. ಎರಡು ಬೇಗ, ಒಂದು ತಡವಾಗಿ. ನಾನು ಕೂಗಿದ ಮೇಲೂ ತುಳಿದು ಎಷ್ಟೋ ಸಲ ಬೈಸಿಕೊಂಡಿದ್ದ. “ಗಟ್ಟಿ ಕುಂದರಬೇಕಲ್ರಿ ಸಾಹೇಬ್ರ” ಅನ್ನುತ್ತಿದ್ದ.

ಒಂದು ಮಧ್ಯಾಹ್ನ, ಸುಡುಬಿಸಿಲಲ್ಲಿ ಇಪ್ಪತ್ನಾಲ್ಕನೆಯದನ್ನು ಊರುತ್ತಲೇ ಕುಸಿದು ಸತ್ತ. ಆ ಬಿಸಿಲಲ್ಲೂ ಕೆಲಸ ನಿಲ್ಲಿಸಲು ಬಿಡದವನು ನಾನೇ. ಆಳುಗಳನ್ನು ಕರೆತಂದಿದ್ದ ಗುತ್ತಿಗೆದಾರ, ಪರಿಹಾರ ಕೊಡಬೇಕಾದೀತೆಂದು, ಸಾವಿನ ವರದಿಯಲ್ಲಿ ಬರೆದದ್ದೇ ಬೇರೆ: ಅವನು ಕೆಲಸಕ್ಕೇ ಬಂದಿರಲಿಲ್ಲ, ಎಲ್ಲೋ ಕುಡಿದು ಬಿದ್ದಿದ್ದ ಎಂದು. ಶರಣಪ್ಪ ಕೊರಳಲ್ಲಿ ಲಿಂಗ ಕಟ್ಟಿದವನು, ಹೆಂಡ ಮುಟ್ಟಿದವನಲ್ಲ. ಅವನ ಹೆಂಡತಿ ಮಹಾದೇವಿ ನನ್ನ ಹತ್ತಿರ ಬಂದಳು.

“ಕುಡದ್ ಸತ್ತಾರಂತ ಬರಿಬ್ಯಾಡ್ರಿ ಸಾಹೇಬ್ರ. ಕೆಲಸದಾಗ ಸತ್ತಾರಂತ ಒಂದ್ ಸಾಲ್ ಬರ್ದ್ ಕೊಡ್ರಿ. ನಾಳಿಗೆ ಮಕ್ಕಳು ಕೇಳ್ತಾವ್ರಿ.”

ನೋಡೋಣ ಎಂದೆ. ಸಂಜೆ ಗುತ್ತಿಗೆದಾರನ ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದೆ. ನನಗೆ ನೌಕರಿ ಬೇಕಿತ್ತು.

ಮೂರನೆಯ ದಿನ ಅದೇ ಸಾಲಿನಲ್ಲಿ ಮತ್ತೆ ಕೆಲಸ. ಹಾಡಹಗಲು. ‘ನಿಂದರ್ರಿ!’ ಎಂದೆ. ಎಲ್ಲರೂ ನಿಂತರು. ಸುತ್ತಿಗೆ ಇನ್ನೂ ಬಿದ್ದಿರಲಿಲ್ಲ. ಗೆರೆಗಳೆಲ್ಲ ಸುಮ್ಮನೆ ಮಲಗಿದ್ದವು. ಇಪ್ಪತ್ನಾಲ್ಕನೆಯದು ಮಾತ್ರ ಮೂರು ಸಲ ಜಿಗಿಯಿತು. ಎರಡು ಬೇಗ, ಒಂದು ತಡವಾಗಿ. ಆ ಜಾಗದಲ್ಲಿ ಯಾರೂ ಇರಲಿಲ್ಲ. ಕೇಬಲ್ ಬದಲಿಸಿದೆ, ಜಿಯೋಫೋನನ್ನೇ ಬದಲಿಸಿದೆ. ಮತ್ತೆ ಮೂರು.

ನಾಸಿಕದ ಕಚೇರಿಗೆ ಬಂದು ಆ ಗೆರೆಯನ್ನು ‘ಗದ್ದಲ’ ಎಂದು ಗುರುತು ಮಾಡಿ ಅಳಿಸಿದೆ. ನೆಲದಡಿಯ ಚಿತ್ರ ಸ್ವಚ್ಛವಾಯಿತು, ಮೇಲಿನವರು ಮೆಚ್ಚಿಕೊಂಡರು. ಆ ಮೆಚ್ಚುಗೆಗೆ ಬೆಂಕಿ ಬೀಳಲಿ.

ಮೂಲ ದಾಖಲೆ ಇನ್ನೂ ನನ್ನ ಹತ್ತಿರ ಇದೆ. ಏನಾದರೂ ದೋಷ ಕಂಡೀತು ಎಂದು ಆಗಾಗ ತೆರೆದು ನೋಡುತ್ತೇನೆ. ತಿಳಿದವರಿಗೂ ತೋರಿಸಿದ್ದೇನೆ, ಯಾರಿಗೂ ಕಾರಣ ಹೇಳಲು ಆಗಿಲ್ಲ. ಮಹಾದೇವಿ ಕೇಳಿದ ಆ ಒಂದು ಸಾಲನ್ನು ನಾನು ಇಂದಿಗೂ ಬರೆದು ಕೊಟ್ಟಿಲ್ಲ.